ಒಂದು ಮತದ ಬಹುಮತ ಮತ್ತು ಶೆಡ್ಡಿನಲ್ಲಿ ನಿಂತ ಜೀಪು

ಸಭೆಯಲ್ಲಿ ಗದ್ದಲ ಎದ್ದಾಗ ನಡವಳಿ ಬರೆಯುವವರು ಪೆನ್ನು ಕೆಳಗಿಟ್ಟು ಸುಮ್ಮನೆ ಕೂರಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗಿದು ಗೊತ್ತಿರಲಿಲ್ಲ. ಮೊದಲ ಸಾಮಾನ್ಯ ಸಭೆಯಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಂಡೆ. ಯಾರು ಯಾರಿಗೆ ಏನೆಂದು ಬೈದರು ಎಂಬುದನ್ನೂ ಬಿಡಲಿಲ್ಲ. ಮರುದಿನ ಅದನ್ನು ಓದಿದ ಮ್ಯಾನೇಜರ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಸಭೆ ಏನು ತೀರ್ಮಾನಿಸಿತು ಎಂದು ಬರೆಯುವುದು ನಮ್ಮ ಕೆಲಸ, ಏನು ಕೂಗಾಡಿತು ಎಂದಲ್ಲ ಎಂದರು. ತೀರ್ಮಾನವೇ ಆಗದಿದ್ದರೆ ಏನು ಬರೆಯಬೇಕು ಎಂದು ನಾನು ಕೇಳಲಿಲ್ಲ. ಕೇಳಿದ್ದರೂ ಅವರ ಹತ್ತಿರ ಉತ್ತರ ಇರುತ್ತಿತ್ತೋ ಇಲ್ಲವೋ. ನನಗಂತೂ ಅದನ್ನು ಕಲಿಯುವುದಕ್ಕೆ ಸರ್ವೀಸಿನ ಬಹುಪಾಲು ಹಿಡಿಯಿತು.

ಪರೀಕ್ಷೆ ಬರೆದು ಹೊಸದಾಗಿ ಪಂಚಾಯಿತಿ ಕಚೇರಿಗಳಿಗೆ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ನನ್ನನ್ನು ನೋಡಲು ಬರುತ್ತಾರೆ. ಅವರಿಗೆ ನಿಯಮಗಳೆಲ್ಲ ಬಾಯಿಪಾಠ. ಆದರೆ ಎರಡು ಪಕ್ಷದವರು ಎದುರುಬದುರು ಕೂತು ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದ ಹಾಗೆ ಮೇಜು ಗುದ್ದುವಾಗ, ನಡುವೆ ಫೈಲು ಹಿಡಿದು ಕೂತವರು ಏನು ಮಾಡಬೇಕು ಎಂದು ಯಾವ ನಿಯಮವೂ ಹೇಳುವುದಿಲ್ಲ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಸನ್ಮಾನ ಮಾಡಿದರು ಎಂಬುದೆಲ್ಲ ಇಲ್ಲಿ ಬೇಡ. ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆಯ ಒಂದು ತಾಲ್ಲೂಕು ಪಂಚಾಯಿತಿಯಲ್ಲಿ ಸಭೆಯ ಕೆಲಸ ನೋಡಿಕೊಳ್ಳುತ್ತಿದ್ದೆ ಎಂದರೆ ಸಾಕು. ಹೆಸರುಗಳನ್ನು ಬದಲಿಸಿದ್ದೇನೆ, ಪಕ್ಷಗಳ ಹೆಸರನ್ನು ಬಿಟ್ಟಿದ್ದೇನೆ. ಪಕ್ಷ ಯಾವುದಾದರೂ ಮೇಜು ಗುದ್ದುವ ಸದ್ದು ಒಂದೇ.

ತೊಂಬತ್ತರ ದಶಕದಲ್ಲಿ ಸಭೆಯ ನೋಟೀಸನ್ನು ಕಾರ್ಬನ್ ಹಾಳೆ ಇಟ್ಟು ಟೈಪ್ ಮಾಡುತ್ತಿದ್ದೆವು. ಕೊನೆಯ ಪ್ರತಿಯಲ್ಲಿ ಅಕ್ಷರಗಳು ಹೊಗೆಯಂತೆ ಕಾಣುತ್ತಿದ್ದವು. ಅದು ಯಾವ ಪಕ್ಷದ ಸದಸ್ಯರಿಗೆ ಹೋಗಬೇಕು ಎಂಬುದರಲ್ಲೂ ಜಗಳ. ಅಟೆಂಡರು ಬಸ್ಸಿನಲ್ಲಿ ಹೋಗಿ ಒಬ್ಬೊಬ್ಬರ ಸಹಿ ಹಾಕಿಸಿಕೊಂಡು ಬರಬೇಕಿತ್ತು. ಸಭೆ ನಡೆಯುವುದು ಬೇಡ ಎಂದಿದ್ದವರು ಅಟೆಂಡರನ್ನು ದೂರದಿಂದ ಕಂಡ ಕೂಡಲೇ ಕಾಫಿ ತೋಟದೊಳಗೆ ಇಳಿದುಬಿಡುತ್ತಿದ್ದರು.

ಆಗ ನಮಗೆ ನಂಜುಂಡಯ್ಯನವರು ಎಂಬ ಕಾರ್ಯನಿರ್ವಹಣಾಧಿಕಾರಿ ಬಂದರು. ಬಯಲುಸೀಮೆಯವರು, ಗಡಿಯಾರದ ಮನುಷ್ಯ. ಒಂದು ಮಳೆಗಾಲದ ಸಭೆಗೆ ಹೊತ್ತು ಮೀರಿದರೂ ಸದಸ್ಯರು ಬರಲಿಲ್ಲವೆಂದು ಕೋರಂ ಇಲ್ಲ ಎಂದು ಘೋಷಿಸಿ ಎದ್ದುಹೋದರು. ದಾರಿಯಲ್ಲಿ ಮರ ಬಿದ್ದು ಬಸ್ಸುಗಳು ನಿಂತಿದ್ದವು. ಅರ್ಧ ಒದ್ದೆಯಾಗಿ ಬಂದ ಸದಸ್ಯರು ಬಾಗಿಲು ತೆಗೆಸಿ, ತಮ್ಮಲ್ಲೇ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಅಧಿಕಾರಿಯನ್ನು ಖಂಡಿಸುವ ಗೊತ್ತುವಳಿಯನ್ನು ತಾವೇ ಪಾಸು ಮಾಡಿದರು. ನಂಜುಂಡಯ್ಯನವರು ಆಮೇಲೆ ಮಲೆನಾಡಿನ ಮರಗಳಿಗೂ ಸ್ವಲ್ಪ ಸಮಯ ಕೊಡುವುದನ್ನು ಕಲಿತರು. ಒಳ್ಳೆಯವರು. ಆ ಕಟ್ಟುನಿಟ್ಟು ಮುಂದೆ ನಮಗೆ ಉಪಯೋಗಕ್ಕೂ ಬಂತು.

ಯಾರು ಏನು ಹೇಳಿದರು ಎಂಬ ತಕರಾರು ಹೆಚ್ಚಾದಾಗ ಅವರೇ ಒಂದು ಟೇಪ್ ರೆಕಾರ್ಡರ್ ತರಿಸಿದರು. ಅದನ್ನು ಮೇಜಿನ ಮೇಲಿಟ್ಟ ದಿನದಿಂದ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವುದನ್ನೇ ಬಿಟ್ಟು ಯಂತ್ರದ ಕಡೆ ತಿರುಗಿ ಭಾಷಣ ಮಾಡತೊಡಗಿದರು. ಎರಡು ಮಾತಿನಲ್ಲಿ ಮುಗಿಯುತ್ತಿದ್ದ ಬೋರ್‌ವೆಲ್ ವಿಷಯಕ್ಕೆ ಸ್ವಾತಂತ್ರ್ಯ ಹೋರಾಟದಿಂದ ಪೀಠಿಕೆ. ಕೊನೆಗೆ ಎರಡೂ ಕಡೆಯವರಿಗೆ ಬೇಸರ ಬಂದು ಅದನ್ನು ತೆಗೆಯಬೇಕೆಂದು ಒಟ್ಟಿಗೆ ಕೈ ಎತ್ತಿದರು. ಆ ಅವಧಿಯ ಸಭೆ ಸರ್ವಾನುಮತದಿಂದ ಕೈಗೊಂಡ ಮೊದಲ ತೀರ್ಮಾನ ಅದು. ಬಹಳ ಕಾಲದವರೆಗೆ ಅದೊಂದೇ ಆಗಿತ್ತು.

ಯಾಕೆಂದರೆ ಆ ಅವಧಿಯಲ್ಲಿ ಆಡಳಿತ ಪಕ್ಷಕ್ಕೆ ಇದ್ದದ್ದು ಒಂದೇ ಮತದ ಬಹುಮತ. ಅದೂ ಚುನಾವಣೆಯಲ್ಲಿ ಬಂದದ್ದಲ್ಲ. ಅಧ್ಯಕ್ಷರ ಆಯ್ಕೆಯ ಬೆಳಿಗ್ಗೆ ಪುಟ್ಟೇಗೌಡ ಎಂಬ ಸದಸ್ಯರು ಒಂದು ಪಕ್ಷದ ಕಾರಿನಲ್ಲಿ ಬಂದಿಳಿದು ಇನ್ನೊಂದು ಪಕ್ಷಕ್ಕೆ ಕೈ ಎತ್ತಿದ್ದರಿಂದ ಬಂದದ್ದು. ಹಾಗೆ ಅಧ್ಯಕ್ಷರಾದವರು ಸಂಸೆ ಕಡೆಯ ಜಲಜಾಕ್ಷಿ. ಮಹಿಳಾ ಮೀಸಲಾತಿಯಲ್ಲಿ ಗೆದ್ದು ಬಂದವರು. ಅವರ ಗಂಡನ ಅಣ್ಣ ವೆಂಕಟರಮಣ ಪ್ರತಿ ಸಭೆಗೂ ಬಂದು ಕುರ್ಚಿಯ ಹಿಂದೆ ಕೂತು, ಅವರು ಏನು ಹೇಳಬೇಕೆಂದು ಪಿಸುಗುಡುತ್ತಿದ್ದರು. ಗೆಲುವು ಕೈಗೆ ಬಂದು ತಪ್ಪಿದವರು ಹಸನಬ್ಬ. ಬಾಳೂರು ಕಡೆಯವರು, ಜೀಪು ರಿಪೇರಿಯ ಗ್ಯಾರೇಜು ಇಟ್ಟಿದ್ದರು. ಎಷ್ಟು ತೊಳೆದರೂ ಬೆರಳ ಸಂದಿಯ ಗ್ರೀಸು ಹೋಗಿರುತ್ತಿರಲಿಲ್ಲ; ಸಭೆಗೆ ಮಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ. ಮಾತು ಮೆತ್ತಗೆ, ಆದರೆ ಹಟ ಗಟ್ಟಿ. ಆ ಬೆಳಗಿನ ಮೋಸವನ್ನು ಅವರ ಪಕ್ಷ ಮರೆಯಲಿಲ್ಲ. ಜಲಜಾಕ್ಷಿಯವರು ಏನು ಹೇಳಿದರೂ ವಿರೋಧ; ಹಸನಬ್ಬನವರು ಏನು ಕೇಳಿದರೂ ತಿರಸ್ಕಾರ. ಹಿಂದಿನ ಸಭೆಯ ನಡವಳಿಯನ್ನು ಒಪ್ಪಿಕೊಳ್ಳುವ ಮೊದಲ ವಿಷಯದಲ್ಲೇ ಊಟದ ಹೊತ್ತು ಆಗಿಬಿಡುತ್ತಿತ್ತು.

ಅಂಥ ಹೊತ್ತಿನಲ್ಲಿ ನಮ್ಮ ತಾಲ್ಲೂಕಿಗೆ ಒಂದು ಸಂಚಾರಿ ಚಿಕಿತ್ಸಾ ಜೀಪು ಮಂಜೂರಾಗಿ ಬಂತು. ಆಸ್ಪತ್ರೆ ದೂರವಿರುವ ಹಳ್ಳಿಗಳಿಗೆ, ಎಸ್ಟೇಟುಗಳಲ್ಲಿ ಲೈನು ಎಂದು ಕರೆಯುವ ಕೂಲಿಯವರ ಸಾಲುಮನೆಗಳಿಗೆ ಹೋಗಿ ಬಸುರಿಯರನ್ನು, ಮಕ್ಕಳನ್ನು ನೋಡುವುದು, ಚುಚ್ಚುಮದ್ದು ಹಾಕುವುದು ಅದರ ಕೆಲಸ. ಯಾವ ದಾರಿಯಲ್ಲಿ ಓಡಬೇಕು ಎಂದು ನಮ್ಮ ಸಭೆ ಒಪ್ಪಿಗೆ ಕೊಡಬೇಕಿತ್ತು. ಆಡಳಿತ ಪಕ್ಷದವರು ತಮ್ಮ ಬಹುಮತದಿಂದ ಸಂಸೆ, ಕಳಸದ ಕಡೆಯ ದಾರಿಯನ್ನು ಮಾತ್ರ ಪಾಸು ಮಾಡಿದರು. ಹಸನಬ್ಬನವರ ಕಡೆಯವರು ಅಜೆಂಡಾ ಹರಿದರು, ಅಧ್ಯಕ್ಷರ ಮೇಜಿನ ಮುಂದೆ ನೆಲದ ಮೇಲೆ ಕೂತರು, ಜಿಲ್ಲೆಗೆ ದೂರು ಬರೆದರು. ಎಲ್ಲರ ಜೊತೆ ಸಮಾಲೋಚಿಸಿ ಮತ್ತೆ ತೀರ್ಮಾನಿಸುವ ತನಕ ಜೀಪು ಓಡಿಸಬೇಡಿ ಎಂದು ಮೇಲಿನಿಂದ ಆದೇಶ ಬಂತು. ಹಾಗಾದರೆ ನಿಮ್ಮ ಕಡೆಯ ಒಂದು ಕೆಲಸವೂ ಆಗುವುದಿಲ್ಲ ಎಂದು ಆಡಳಿತ ಪಕ್ಷದವರು ಪಟ್ಟು ಹಿಡಿದರು. ಜೀಪು ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತು. ಮಳೆಗಾಲ ಕಳೆಯಿತು, ಕಾಫಿ ಕೊಯ್ಲು ಬಂತು. ಅದರ ಚಕ್ರಗಳ ಸುತ್ತ ಹುಲ್ಲು ಬೆಳೆದು ಹೂ ಬಿಟ್ಟಿತು.

ಜೀಪಿನ ಜೊತೆಗೆ ನೇಮಕವಾಗಿದ್ದ ನರ್ಸ್ ಫಿಲೋಮಿನಾ ಸಿಸ್ಟರ್ ದಿನಾ ಕಚೇರಿಗೆ ಬಂದು ನನ್ನ ಮೇಜಿನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದರು. ಕೆಲಸವಿಲ್ಲದೆ ಕೂತು ರೂಢಿಯಿಲ್ಲದ ಹೆಂಗಸು. ಕಚೇರಿಯ ಸಿಬ್ಬಂದಿಗೆಲ್ಲ ರಕ್ತದೊತ್ತಡ ನೋಡಿದರು. ಸಭೆಯ ದಿನ ಸದಸ್ಯರಿಗೂ ನೋಡುತ್ತಿದ್ದರು. ಸಭೆಗೆ ಮುಂಚೆ ಒಂದು, ಸಭೆ ಮುಗಿದ ಮೇಲೆ ಒಂದು. ಎರಡೂ ಪಕ್ಷದವರದ್ದು ಒಂದೇ ಸಮ ಏರುತ್ತದೆ ಎಂದು ನನಗೆ ಹೇಳಿ ನಗುತ್ತಿದ್ದರು. ಆಮೇಲೆ ಆ ನಗುವೂ ನಿಂತಿತು. ಬಸ್ಸು ಸಿಗುವಷ್ಟು ದೂರ ಬಸ್ಸಿನಲ್ಲಿ, ಅಲ್ಲಿಂದಾಚೆ ನಡೆದು, ತಾವೇ ಚೀಲ ಹೊತ್ತು ಒಂದೊಂದು ಲೈನಿಗೆ ಹೋಗಿ ಬರತೊಡಗಿದರು.

ಒಂದು ಸಂಜೆ, ಕಚೇರಿ ಖಾಲಿಯಾದ ಮೇಲೆ, ಜಲಜಾಕ್ಷಿಯವರು ಒಬ್ಬರೇ ನನ್ನ ಕೋಣೆಗೆ ಬಂದರು. ಭಾವನವರು ಜೊತೆಗಿರಲಿಲ್ಲ. ಅವರ ಊರಿನ ಮೇಲಿನ ಒಂದು ಎಸ್ಟೇಟ್ ಲೈನಿನಿಂದ ಜ್ವರ ಬಂದ ತುಂಬು ಬಸುರಿಯನ್ನು ಕುರ್ಚಿಗೆ ಬೊಂಬು ಕಟ್ಟಿ ಹೊತ್ತು ತಂದಿದ್ದರಂತೆ. ಜಲಜಾಕ್ಷಿಯವರು ಅವರಿಗೆ ರಸ್ತೆ ಬದಿಯಲ್ಲಿ ಸಿಕ್ಕಿದ್ದಾರೆ. ಹೊತ್ತವರಲ್ಲಿ ಒಬ್ಬರು, ಅಮ್ಮ, ಜೀಪು ಬಂದಿದೆ ಅಂದರಲ್ಲ, ಅದು ಎಲ್ಲಿ ಎಂದು ಕೇಳಿದ್ದಾರೆ. ಸಿಟ್ಟಿನಿಂದ ಕೇಳಿದ್ದಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು. ತಾಯಿ, ಮಗು ಇಬ್ಬರೂ ಉಳಿದರು ಎಂದು ಹೇಳಿ ಜಲಜಾಕ್ಷಿಯವರು ಎದುರಿನ ಕುರ್ಚಿ ಎಳೆದು ಕೂತರು.

“ಸರೋಜಕ್ಕ, ಆ ಜೀಪು ಹೊರಡ್ಬೇಕು. ಆದ್ರೆ ನಾವು ಸೋತ ಹಾಗೆ ಕಾಣ್ಬಾರ್ದು. ಹಂಗೆ ಕಂಡ್ರೆ ನಮ್ಮೋರೇ ನನ್ನ ಬಿಡೋದಿಲ್ಲ.”

ಕೆಲವು ದಿನ ಕಳೆದ ಮೇಲೆ ಹಸನಬ್ಬನವರು ಯಾವುದೋ ಅರ್ಜಿಯ ನೆಪದಲ್ಲಿ ಬಂದರು. ಬಾಳೂರು ಕಡೆಯಲ್ಲಿ ಯಾರಿಗೆ ಮೈ ಸರಿಯಿಲ್ಲದಿದ್ದರೂ ಜನ ಮೊದಲು ಬರುವುದು ಅವರ ಗ್ಯಾರೇಜಿಗೆ. ರಿಪೇರಿಗೆ ಬಂದ ಗಿರಾಕಿಗಳ ಜೀಪಿನಲ್ಲೇ ಎಷ್ಟೋ ಸಲ ಆಸ್ಪತ್ರೆಗೆ ಮುಟ್ಟಿಸಿದ್ದರು. ಸರ್ಕಾರದ ಜೀಪು ಶೆಡ್ಡಿನಲ್ಲಿ, ಗಿರಾಕಿಯ ಜೀಪು ಆಸ್ಪತ್ರೆಯಲ್ಲಿ ಎಂದು ಬೇಸರಪಟ್ಟರು. ಆಮೇಲೆ ಸ್ವರ ತಗ್ಗಿಸಿ, ತಾವು ಕೊಟ್ಟ ದೂರನ್ನು ಹಾಗೇ ವಾಪಸು ತೆಗೆದುಕೊಂಡರೆ ತಮ್ಮ ಪಕ್ಷದವರ ಮುಂದೆ ತಲೆಯೆತ್ತುವ ಹಾಗಿಲ್ಲ ಎಂದರು.

ಇಬ್ಬರಿಗೂ ಬೇಕಾದದ್ದು ಒಂದೇ ಎಂದು ಆಗ ಗೊತ್ತಿದ್ದವಳು ನಾನೊಬ್ಬಳೇ. ಇಲ್ಲಿ ಹೊಸಬರು ಎಚ್ಚರವಾಗಿರಬೇಕು. ಇವರ ಗುಟ್ಟು ಅವರಿಗೆ, ಅವರ ಗುಟ್ಟು ಇವರಿಗೆ ಮುಟ್ಟಿಸುವುದು ನಮ್ಮ ಕೆಲಸವಲ್ಲ. ಒಂದು ಸಲ ಹಾಗೆ ಮಾಡಿದರೆ ಆಮೇಲೆ ಎರಡೂ ಕಡೆ ನಂಬುವುದಿಲ್ಲ. ನಮ್ಮ ಕೈಯಲ್ಲಿರುವುದು ಅಜೆಂಡಾ ಒಂದೇ. ನಾನು ನಂಜುಂಡಯ್ಯನವರ ಹತ್ತಿರ ಹೋಗಿ, ಜೀಪಿನ ಮಾರ್ಗ ಎಂಬ ವಿಷಯವನ್ನು ಮುಂದಿನ ಸಭೆಗೆ ಹಾಕುವುದು ಬೇಡ, ಜೀಪಿನ ಈಗಿನ ಸ್ಥಿತಿ ಮತ್ತು ದುರಸ್ತಿ ಎಂದು ಹಾಕೋಣ ಎಂದೆ. ಮಾರ್ಗಕ್ಕೆ ಎರಡು ಪಕ್ಷ ಇದೆ, ಕೆಟ್ಟ ಬ್ಯಾಟರಿಗೆ ಯಾವ ಪಕ್ಷ ಇದೆ ಎಂದು ಹೇಳಿ ಅವರು ಸಹಿ ಹಾಕಿದರು. ಅದೇ ಸಭೆಗೆ ಅವರು ಇನ್ನೊಂದು ಕೆಲಸವನ್ನೂ ಮಾಡಿದರು: ಸದಸ್ಯರಲ್ಲದವರಿಗೆ ಒಳಗೆ ಪ್ರವೇಶವಿಲ್ಲ ಎಂದು ಬಾಗಿಲಿಗೆ ಬೋರ್ಡು ಹಾಕಿಸಿದರು. ನಿಯಮದಲ್ಲಿ ಮೊದಲೇ ಇದ್ದದ್ದು. ಜಲಜಾಕ್ಷಿಯವರು ಕೇಳಿಕೊಂಡಿದ್ದರೋ, ಅವರಿಗೇ ತೋಚಿತೋ ನನಗೆ ಗೊತ್ತಿಲ್ಲ.

ಆ ದಿನ ವೆಂಕಟರಮಣ ಬೋರ್ಡು ನೋಡಿಯೂ ಒಳಗೆ ಬಂದು ಎಂದಿನ ಜಾಗದಲ್ಲಿ ಕೂತರು. ಜಲಜಾಕ್ಷಿಯವರು ಹಿಂದೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, ಆದರೆ ಗೌರವ ಬಿಡದೆ ಹೇಳಿದರು: “ಭಾವ, ನೀವು ಹೊರಗೆ ಕೂತಿರಿ. ಸಭೆ ಮುಗ್ದ ಕೂಡ್ಲೆ ನಾನೇ ಬಂದು ಎಲ್ಲ ಹೇಳ್ತೀನಿ.” ಅವರು ಎದ್ದು ಹೊರಗೆ ಹೋದರು. ಹಸನಬ್ಬನವರ ಕಡೆಯವರು ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ನಗಲಿಲ್ಲ.

ಜೀಪಿನ ವಿಷಯ ಬಂದಾಗ ಅಧ್ಯಕ್ಷೆ ನೇರವಾಗಿ ವಿರೋಧ ಪಕ್ಷದ ಕಡೆ ನೋಡಿ, ಗಾಡಿಯ ವಿಷಯ ತಿಳಿದವರು ಈ ಸಭೆಯಲ್ಲಿ ಒಬ್ಬರೇ, ಹಸನಬ್ಬನವರು ಬಂದು ನೋಡಿ ಹೇಳಬೇಕು ಎಂದರು. ಇದರಲ್ಲಿ ಏನೋ ಹುನ್ನಾರವಿದೆ ಎಂದು ಅವರ ಪಕ್ಷದವರು ಅಂಗಿ ಎಳೆದರು. ಹಸನಬ್ಬನವರು ಅಂಗಿಯ ತೋಳು ಮಡಚುತ್ತ ಎದ್ದರು. ಅವರ ಹಿಂದೆ ಅಧ್ಯಕ್ಷೆ, ಅವರ ಹಿಂದೆ ಇಡೀ ಸಭೆ. ಫೈಲು ಹಿಡಿದು ನಾನೂ ಹೋದೆ.

ಟಾರ್ಪಾಲು ಎಳೆದು ಬಾನೆಟ್ ಎತ್ತಿದರೆ ಒಳಗೆ ಇಲಿ ಗೂಡು ಕಟ್ಟಿತ್ತು. ಗೂಡಿಗೆ ಹಾಸಿದ್ದು ನಮ್ಮದೇ ಕಚೇರಿಯ ಹಾಳೆಗಳ ಚೂರು. ಯಾರೋ ಅದು ಯಾವ ಪಕ್ಷದ ಇಲಿ ಎಂದರು. ಮೊದಲ ಬಾರಿಗೆ ಎರಡೂ ಕಡೆಯವರು ಒಂದೇ ಮಾತಿಗೆ ನಕ್ಕರು. ಹಸನಬ್ಬನವರು ಬಿಳಿ ಅಂಗಿಯಲ್ಲೇ ಬಗ್ಗಿ ಇಲಿ ಕಡಿದ ವೈರುಗಳನ್ನು ಜೋಡಿಸಿದರು, ನಂಜುಂಡಯ್ಯನವರು ತಮ್ಮ ಜೀಪಿನ ಬ್ಯಾಟರಿ ತರಿಸಿ ಕೊಟ್ಟರು. ಆ ಅಂಗಳದಲ್ಲಿ ವೇದಿಕೆ ಇರಲಿಲ್ಲ, ಆಚೆ ಈಚೆ ಸಾಲು ಇರಲಿಲ್ಲ. ಎಲ್ಲರೂ ಬಾನೆಟ್ಟಿನ ಸುತ್ತ ನಿಂತಿದ್ದರು; ಟಾರ್ಚು ಹಿಡಿದವರು ಒಂದು ಪಕ್ಷ, ಸ್ಪ್ಯಾನರ್ ಕೊಟ್ಟವರು ಇನ್ನೊಂದು ಪಕ್ಷ. ಹಸನಬ್ಬನವರು ತಲೆಯೆತ್ತದೆ, ಯಾರಾದರೂ ಹತ್ತಿ ಕೂತು ಸ್ಟಾರ್ಟ್ ಮಾಡಿ ಎಂದರು. ಹತ್ತಿರ ಇದ್ದವರು ಜಲಜಾಕ್ಷಿ. ಸೆರಗು ಸಿಕ್ಕಿಸಿ ಡ್ರೈವರ್ ಸೀಟಿಗೆ ಹತ್ತಿ, ಅವರು ಹೇಳಿದಂತೆ ಕೀಲಿ ತಿರುಗಿಸಿದರು. ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಎಂಜಿನ್ ಹಿಡಿಯಿತು.

ಟ್ರಯಲ್ ನೋಡದೆ ಏನೂ ಹೇಳುವುದಕ್ಕೆ ಬರುವುದಿಲ್ಲ ಎಂದು ಹಸನಬ್ಬನವರು ಕೈ ಒರೆಸಿಕೊಂಡರು. ಯಾವ ರಸ್ತೆಯಲ್ಲಿ ಟ್ರಯಲ್ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಮತ್ತೆ ಜಗಳ ಶುರು ಎಂದು ಎಲ್ಲರಿಗೂ ಗೊತ್ತಿತ್ತು. ಸೀಟಿನಲ್ಲೇ ಕೂತಿದ್ದ ಜಲಜಾಕ್ಷಿಯವರು ಹೇಳಿದರು: “ಎರಡು ರಸ್ತೇಲೂ ನೋಡುವ. ಮೊದ್ಲು ನಿಮ್ಮ ಕಡೆದೇ ಆಗ್ಲಿ.”

ಹಾಗೆ ಒಂದು ದಿನ ಬಾಳೂರು ಕಡೆಗೆ, ಇನ್ನೊಂದು ದಿನ ಸಂಸೆ ಕಡೆಗೆ ಹೋದೆವು. ಹಸನಬ್ಬನವರೇ ಓಡಿಸಿದರು. ಮುಂದೆ ಅಧ್ಯಕ್ಷೆ, ಹಿಂದೆ ನಾನು ಮತ್ತು ಫಿಲೋಮಿನಾ ಸಿಸ್ಟರ್. ಬಾಳೂರು ಕಡೆಯ ಒಂದು ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರು ಗೇಟಿನ ಹತ್ತಿರವೇ ತಡೆದು, ಕೆಲಸದ ಹೊತ್ತಿನಲ್ಲಿ ಅವರನ್ನು ಬಿಡುವುದಕ್ಕಾಗುವುದಿಲ್ಲ ಎಂದರು. ಆ ಎಸ್ಟೇಟಿನ ಧಣಿ ಹಸನಬ್ಬನವರ ಪಕ್ಷಕ್ಕೆ ಬೇಕಾದವರು. ಹಸನಬ್ಬನವರ ಮುಖ ಸಣ್ಣದಾಯಿತು. ತಾವು ಇಷ್ಟು ದಿನ ಜೀಪು ಬೇಕೆಂದು ಗುದ್ದಾಡಿದ ಜಾಗದಲ್ಲಿ ಜೀಪು ಬಂದರೂ ಒಳಗೆ ಹೋಗುವಂತಿಲ್ಲ. ಬಂಗಲೆಗೆ ನಡೆದುಹೋಗಿ ಧಣಿಯ ಜೊತೆ ಬಹಳ ಹೊತ್ತು ಮಾತಾಡಿ ಬಂದರು. ಗೇಟು ತೆರೆಯಿತು. ಸಿಸ್ಟರ್ ಅಲ್ಲೇ ಜೀಪಿನ ಹಿಂಬಾಗಿಲು ಇಳಿಸಿ ಕೆಲಸ ಶುರು ಮಾಡಿದರು. ಆ ಲೈನಿನ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂದು ಸಾಲು ನಿಂತದ್ದನ್ನು ಜಲಜಾಕ್ಷಿಯವರು ಇಳಿದು ನಿಂತು ನೋಡಿದರು. ಒಂದು ಅಳುವ ಮಗುವನ್ನು ತಾಯಿಯ ಕೈಯಿಂದ ಇಸಿದುಕೊಂಡು, ತಾಯಿಯ ಸರದಿ ಮುಗಿಯುವ ತನಕ ಹೆಗಲ ಮೇಲೆ ಹಾಕಿಕೊಂಡು ಓಡಾಡಿದರು.

ಸಂಸೆ ಕಡೆಗೆ ಹೋದ ದಿನ ತಬ್ಬಿಬ್ಬಾಗುವ ಸರದಿ ಜಲಜಾಕ್ಷಿಯವರದ್ದಾಯಿತು. ಅವರ ಪಕ್ಷ ಪಾಸು ಮಾಡಿದ ದಾರಿಯಲ್ಲಿ ಜೀಪು ನಿಲ್ಲುವ ಜಾಗಗಳೆಲ್ಲ ಟಾರು ರಸ್ತೆಯ ಮೇಲೆ. ಒಂದಂತೂ ವೆಂಕಟರಮಣನವರ ಮನೆಯ ಎದುರಿಗೇ. ಇನ್ನೊಂದು ಪುಟ್ಟೇಗೌಡರ ಅಂಗಡಿಯ ಮುಂದೆ. ಬಸುರಿಯನ್ನು ಕುರ್ಚಿಯಲ್ಲಿ ಹೊತ್ತು ತಂದ ಲೈನು ಅಲ್ಲಿಂದ ಬಹಳ ಮೇಲಿತ್ತು. ಜೀಪು ಅಲ್ಲಿಗೆ ಹತ್ತುತ್ತದೆಯೇ ಎಂದು ಜಲಜಾಕ್ಷಿಯವರು ಕೇಳಿದರು. ಹಸನಬ್ಬನವರು ಇಳಿದು ರಸ್ತೆ ನೋಡಿ, ಹತ್ತುವ ಹಾಗೆ ಮಾಡಿದರೆ ಹತ್ತುತ್ತದೆ ಎಂದರು. ಹತ್ತಿಸಿದರು ಕೂಡ. ಇಳಿದು ಬರುವಾಗ ಇಬ್ಬರೂ ತಮ್ಮ ತಮ್ಮ ಪಕ್ಷದ ಪಟ್ಟಿನ ಬಗ್ಗೆ ಮಾತೇ ಎತ್ತಲಿಲ್ಲ. ರಸ್ತೆಯ ಬಗ್ಗೆ, ಮಳೆಗಾಲದಲ್ಲಿ ಯಾವ ತಿರುವು ಕುಸಿಯುತ್ತದೆ ಎಂಬುದರ ಬಗ್ಗೆ ಮಾತಾಡಿದರು.

ಒಪ್ಪಂದ ಅಷ್ಟರಲ್ಲೇ ಆಗಿಹೋಯಿತು ಎಂದುಕೊಳ್ಳಬೇಡಿ. ಮನಸ್ಸು ಕೂಡುವುದು ಒಂದು ಕೆಲಸ, ವಾಕ್ಯ ಕೂಡುವುದು ಇನ್ನೊಂದು. ಎರಡೂ ಕಡೆಯ ದಾರಿಗಳಲ್ಲಿ ವಾರ ಹಂಚಿಕೊಂಡು ಜೀಪು ಓಡಬೇಕು, ಲೈನುಗಳವರೆಗೂ ಹೋಗಬೇಕು ಎಂದು ಇಬ್ಬರೂ ಒಪ್ಪಿದರು. ಆದರೆ ಹಿಂದಿನ ಗೊತ್ತುವಳಿಯನ್ನು ರದ್ದು ಮಾಡಿ ಎಂದು ಬರೆದರೆ ಆಡಳಿತ ಪಕ್ಷ ಸೋತಂತೆ. ಹಿಂದಿನ ಗೊತ್ತುವಳಿಗೆ ಮುಂದುವರಿಕೆಯಾಗಿ ಎಂದು ಬರೆದರೆ ವಿರೋಧ ಪಕ್ಷ ಅದನ್ನು ಒಪ್ಪಿಕೊಂಡಂತೆ. ನಾನು ಕರಡು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ನಂಜುಂಡಯ್ಯನವರ ಕೋಣೆಯಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಒಂದೊಂದೇ ಪದ ಓದಿದೆ. ಎರಡು ಸಲ ಚಹಾ ಬಂತು. ಕೊನೆಗೆ ಹಸನಬ್ಬನವರು ಬೇಸತ್ತು ಹೇಳಿದರು: “ನಾನು ಹೇಳಿದ್ದು ಬೇಡ, ಅಧ್ಯಕ್ಷರು ಹೇಳಿದ್ದೂ ಬೇಡ ಮಾರಾಯ್ರೆ. ರಸ್ತೆ ಹೇಳಿತು ಅಂತ ಬರೀರಿ.”

ಆ ಮಾತೇ ದಾರಿ ತೋರಿಸಿತು. ‘ಪರೀಕ್ಷಾ ಸಂಚಾರದಲ್ಲಿ ಕಂಡುಬಂದ ರಸ್ತೆಯ ಸ್ಥಿತಿ ಹಾಗೂ ಜನರ ಅಗತ್ಯವನ್ನು ಪರಿಗಣಿಸಿ’ ಎಂದು ವಾಕ್ಯ ಶುರು ಮಾಡಿದೆ. ಹಿಂದಿನ ಗೊತ್ತುವಳಿಯ ಪ್ರಸ್ತಾಪವೇ ಇಲ್ಲ. ಇಬ್ಬರೂ ತಲೆಯಾಡಿಸಿದರು. ಹೊಸಬರು ಇದನ್ನು ಗಮನಿಸಬೇಕು: ಯಾರು ಗೆದ್ದರು ಎಂದು ವಾಕ್ಯದಲ್ಲಿ ಕಾಣಬಾರದು. ಕೆಲಸ ಏನಾಗಬೇಕು ಎಂಬುದು ಮಾತ್ರ ಒಂದಿಷ್ಟೂ ಮಸುಕಾಗಿರಬಾರದು.

ಸಭೆಯ ದಿನ ಯಾರೂ ಎಣಿಸದ ಒಂದು ತೊಡಕು ಬಂತು. ತಮ್ಮ ಅಂಗಡಿಯ ಮುಂದಿನ ನಿಲುಗಡೆ ಹೋಯಿತೆಂದು ಪುಟ್ಟೇಗೌಡರು ಸಿಟ್ಟಾಗಿ, ತಾವು ಈ ಗೊತ್ತುವಳಿಗೆ ವಿರುದ್ಧ ಎಂದು ಎದ್ದು ನಿಂತು ಹೇಳಿದರು. ಆಡಳಿತ ಪಕ್ಷದ ಒಂದು ಮತದ ಬಹುಮತ ಅಲ್ಲಿಗೆ ಮುಗಿಯಿತು. ವಿರೋಧ ಪಕ್ಷದವರೆಲ್ಲ ಪುಟ್ಟೇಗೌಡರ ಜೊತೆ ಸೇರಿ ವಿರುದ್ಧ ಕೈ ಎತ್ತಿದರೆ ಅಧ್ಯಕ್ಷೆ ತಂದ ಗೊತ್ತುವಳಿಯೇ ಬಿದ್ದುಹೋಗುತ್ತದೆ. ಹಿಂದೆಯೇ ಅವಿಶ್ವಾಸ ತಂದರೆ ಅವರ ಕುರ್ಚಿಯೂ ಹೋಗುತ್ತದೆ. ಇಷ್ಟು ದಿನ ಕಾದ ಸೇಡು ಕೈಯಳತೆಯಲ್ಲಿ ಬಂದು ನಿಂತಿತ್ತು. ಹಸನಬ್ಬನವರ ಪಕ್ಷದವರು ಅವರ ಸುತ್ತ ಬಗ್ಗಿದರು. ನನ್ನ ಕುರ್ಚಿ ಅವರ ಸಾಲಿಗೆ ಹತ್ತಿರವಿದ್ದುದರಿಂದ ಇಂಥ ಅವಕಾಶ ಮತ್ತೆ ಸಿಗುವುದಿಲ್ಲ ಎಂದು ಅವರು ಹೇಳುವುದು ನನಗೂ ಕೇಳಿಸಿತು. ಜಲಜಾಕ್ಷಿಯವರು ವೇದಿಕೆಯ ಮೇಲೆ ಕೈ ಕಟ್ಟಿ ಕೂತಿದ್ದರು. ಸಭೆ ಮುಂದೂಡಿಬಿಡಿ ಎಂದು ಅವರ ಕಡೆಯವರು ಸನ್ನೆ ಮಾಡುತ್ತಿದ್ದರು. ಅವರು ಮುಂದೂಡಲಿಲ್ಲ.

ಹಸನಬ್ಬನವರು ತಮ್ಮವರ ಕಡೆ ತಿರುಗಿ ಮೆಲ್ಲಗೆ ಹೇಳಿದ್ದು ಇಷ್ಟೇ: “ಅವ್ರನ್ನ ಇಳಿಸೋದಾದ್ರೆ ಅದಕ್ಕೆ ಬೇರೆ ದಿನ ಉಂಟು. ಇವತ್ತು ಜೀಪಿಂದು.”

ಆಮೇಲೆ ಕೈ ಎತ್ತಿದರು. ಸ್ವಲ್ಪ ತಡವಾಗಿ ಅವರ ಪಕ್ಷದ ಒಬ್ಬೊಬ್ಬರ ಕೈಯೂ ಮೇಲೆ ಹೋಯಿತು. ಒಬ್ಬರು ಮಾತ್ರ ಎತ್ತಲಿಲ್ಲ, ವಿರುದ್ಧವೂ ಎತ್ತಲಿಲ್ಲ. ಪುಟ್ಟೇಗೌಡರು ಒಬ್ಬರೇ ಉಳಿದರು. ನಾನು ಎರಡು ಸಲ ಎಣಿಸಿ ಬರೆದುಕೊಂಡೆ. ಬಾಗಿಲ ಹತ್ತಿರ ನಿಂತಿದ್ದ ಫಿಲೋಮಿನಾ ಸಿಸ್ಟರ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಚೀಲ ತೆಗೆದುಕೊಳ್ಳಲು ಹೊರಟೇಬಿಟ್ಟರು. ಅವರನ್ನು ತಡೆದು, ಜೀಪು ನಾಳೆಯಿಂದ ಎಂದು ಹೇಳಬೇಕಾಯಿತು.

ಹಸನಬ್ಬನವರು ಹೇಳಿದ ಆ ಬೇರೆ ದಿನವೂ ಬಂತು. ಮಳೆಗಾಲ ಕಳೆದ ಮೇಲೆ ಅವರು ನಿಜವಾಗಿಯೂ ಅವಿಶ್ವಾಸ ಗೊತ್ತುವಳಿ ತಂದರು. ಪುಟ್ಟೇಗೌಡರು ಅಷ್ಟು ಹೊತ್ತಿಗೆ ಮತ್ತೆ ಆಡಳಿತ ಪಕ್ಷದ ಸಾಲಿಗೆ ಮರಳಿದ್ದರಿಂದ ಅದು ಒಂದು ಮತದಲ್ಲಿ ಬಿತ್ತು. ಆ ಸಭೆಯಲ್ಲಿ ಎರಡೂ ಕಡೆಯ ಮಾತು ಬಹಳ ಖಾರವಾಗಿತ್ತು. ಸಭೆ ಮುಗಿದ ಮೇಲೆ ಜಲಜಾಕ್ಷಿಯವರು ಹಸನಬ್ಬನವರನ್ನು ಕರೆದು, ಮೇಲಿನ ಲೈನಿನ ತಿರುವಿನಲ್ಲಿ ಮಣ್ಣು ಜಾರಿದೆ, ಜೀಪು ಹೋಗುವುದಕ್ಕೆ ಏನು ಮಾಡಬಹುದು ಎಂದು ಕೇಳಿದರು. ಇಬ್ಬರೂ ವರಾಂಡದಲ್ಲಿ ನಿಂತು ಅದನ್ನೇ ಮಾತಾಡಿದರು. ಅದನ್ನು ನೋಡಿ ನನಗೆ ಆದ ಸಮಾಧಾನ ಜೀಪು ಹೊರಟ ದಿನವೂ ಆಗಿರಲಿಲ್ಲ. ಜಗಳ ನಿಲ್ಲಿಸುವುದು ನಮ್ಮ ಕೆಲಸ ಎಂದು ಅದುವರೆಗೆ ತಿಳಿದಿದ್ದೆ. ಎರಡು ಪಕ್ಷ ಎಂದ ಮೇಲೆ ಜಗಳ ಇರಲೇಬೇಕು. ಅದು ಒಂದು ವಿಷಯದಿಂದ ಇನ್ನೊಂದಕ್ಕೆ ಹರಡದಿದ್ದರೆ ಸಾಕು.

ಮುಂದಿನ ಚುನಾವಣೆಯಲ್ಲಿ ಎಲ್ಲ ತಿರುವುಮುರುವಾಯಿತು. ಎರಡು ಸಾವಿರನೆಯ ಇಸವಿಯ ನಂತರದ ಮಾತು ಇದು. ಕಚೇರಿಗೆ ಕಂಪ್ಯೂಟರ್ ಬಂದಿತ್ತು, ಕಾರ್ಬನ್ ಹಾಳೆ ಹೋಗಿತ್ತು, ನಂಜುಂಡಯ್ಯನವರು ವರ್ಗವಾಗಿ ಅವರ ಜಾಗಕ್ಕೆ ಚಿಕ್ಕ ವಯಸ್ಸಿನ ಅಧಿಕಾರಿಯೊಬ್ಬರು ಬಂದಿದ್ದರು. ಹಸನಬ್ಬನವರು ಅಧ್ಯಕ್ಷರಾದರು. ಜಲಜಾಕ್ಷಿಯವರು ಮತ್ತೆ ಗೆದ್ದು, ಈಗ ವಿರೋಧ ಪಕ್ಷದ ಮುಂದಿನ ಸಾಲಿನಲ್ಲಿ ಕೂತರು. ಅವರ ಹಿಂದೆ ಪಿಸುಗುಡುವವರು ಯಾರೂ ಇರಲಿಲ್ಲ. ಅವರೇ ತಮ್ಮ ಪಕ್ಷದವರಿಗೆ ಹೇಳಿಕೊಡುತ್ತಿದ್ದರು.

ಆ ಅವಧಿಯ ಒಂದು ಸಭೆಯಲ್ಲಿ ಸ್ಥಾಯಿ ಸಮಿತಿಗಳ ಹಂಚಿಕೆಯ ವಿಷಯಕ್ಕೆ ದೊಡ್ಡ ಜಗಳವಾಯಿತು. ನ್ಯಾಯ ಜಲಜಾಕ್ಷಿಯವರ ಕಡೆಗಿತ್ತು ಎಂದು ನನಗೆ ಅನ್ನಿಸಿತ್ತು. ಹಸನಬ್ಬನವರು ಮಣಿಯಲಿಲ್ಲ. ಜಲಜಾಕ್ಷಿಯವರು ತಮ್ಮವರನ್ನೆಲ್ಲ ಎಬ್ಬಿಸಿಕೊಂಡು ಧಿಕ್ಕಾರ ಕೂಗುತ್ತ ಹೊರನಡೆದರು. ಹೋಗುವಾಗ ನನ್ನ ಮೇಜಿನ ಹತ್ತಿರ ಒಂದು ಕ್ಷಣ ನಿಂತು ಬಗ್ಗಿದರು.

“ಸರೋಜಕ್ಕ, ಎರಡನೇ ನರ್ಸಿನ ವಿಷ್ಯ ಬರುವಾಗ ಹೇಳಿ ಕಳ್ಸಿ. ವರಾಂಡದಲ್ಲೇ ಇರ್ತೀವಿ.”

ಜೀಪಿಗೆ ಇನ್ನೊಬ್ಬ ನರ್ಸನ್ನು ಕೊಡಬೇಕೆಂದು ಜಿಲ್ಲೆಗೆ ಕೇಳುವ ಗೊತ್ತುವಳಿ ಅಜೆಂಡಾದ ಕೊನೆಯಲ್ಲಿತ್ತು. ಫಿಲೋಮಿನಾ ಸಿಸ್ಟರ್ ಒಬ್ಬರಿಗೇ ಎರಡು ದಾರಿಗಳ ಕೆಲಸ ಹೆಚ್ಚಾಗಿತ್ತು. ಇಡೀ ಸಭೆ ಒಟ್ಟಾಗಿ ಕೇಳಿದರೆ ಮಾತ್ರ ಜಿಲ್ಲೆಯವರು ಕಿವಿಗೊಡುತ್ತಾರೆ ಎಂದು ಎರಡೂ ಕಡೆಯವರಿಗೆ ಗೊತ್ತಿತ್ತು. ಆ ವಿಷಯ ಬಂತು. ನಾನು ಹಸನಬ್ಬನವರ ಮುಖ ನೋಡಿದೆ. ಅವರು ಬಾಗಿಲ ಕಡೆ ನೋಡಿ, ಎಲ್ಲರೂ ಚಹಾ ಕುಡಿದು ಬರೋಣ ಎಂದು ಸಭೆ ನಿಲ್ಲಿಸಿದರು. ಚಹಾ ಮುಗಿದು ಮತ್ತೆ ಸೇರಿದಾಗ ವಿರೋಧ ಪಕ್ಷದ ಸಾಲು ತುಂಬಿತ್ತು. ಅವರು ಯಾಕೆ ಬಂದರೆಂದು ಆಡಳಿತ ಪಕ್ಷದವರು ಯಾರೂ ಕೆಣಕಲಿಲ್ಲ. ಗೊತ್ತುವಳಿ ಓದಿದೆ. ಎಲ್ಲ ಕೈಗಳೂ ಮೇಲೆ ಹೋದವು. ಸರ್ವಾನುಮತ ಎಂದು ಅಧ್ಯಕ್ಷರು ಹೇಳಿ ಮುಗಿಸುತ್ತಿದ್ದಂತೆ ಜಲಜಾಕ್ಷಿಯವರು ಎದ್ದು, ಸಮಿತಿಗಳ ವಿಷಯದಲ್ಲಿ ಆದ ಅನ್ಯಾಯವನ್ನು ಮತ್ತೊಮ್ಮೆ ಖಂಡಿಸಿ, ತಮ್ಮವರೊಂದಿಗೆ ಪುನಃ ಹೊರನಡೆದರು. ಹಸನಬ್ಬನವರು ಅಷ್ಟೇ ಗಂಭೀರವಾಗಿ, ಸಭಾತ್ಯಾಗವನ್ನು ದಾಖಲಿಸಿಕೊಳ್ಳಿ ಎಂದು ನನಗೆ ಹೇಳಿದರು.

ಪಕ್ಕದಲ್ಲಿದ್ದ ಹೊಸ ಅಧಿಕಾರಿ ತಬ್ಬಿಬ್ಬಾಗಿ, ಒಂದೇ ಸಭೆಯಲ್ಲಿ ಎರಡು ಸಲ ಹೊರಗೆ ಹೋಗುವುದಕ್ಕೆ ನಿಯಮದಲ್ಲಿ ಅವಕಾಶ ಇದೆಯೇ ಎಂದು ನನ್ನ ಕಿವಿಯಲ್ಲಿ ಕೇಳಿದರು. ಇಲ್ಲ ಎಂದು ಎಲ್ಲೂ ಬರೆದಿಲ್ಲ ಸಾರ್ ಎಂದೆ. ಹೊರಗೆ ವರಾಂಡದಲ್ಲಿ ಅಧ್ಯಕ್ಷರಿಗೆ ಧಿಕ್ಕಾರ ಕೂಗುವ ದನಿ ಜೋರಾಗಿತ್ತು. ಆ ವರ್ಷವೇ ಎರಡನೆಯ ನರ್ಸ್ ಬಂದರು.